ಋಣ ಉಳಿಸದ ದಾನ

2019ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಒಟ್ಟಿಗೇ ಉಕ್ಕಿದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನದೀತೀರದ ಹಳ್ಳಿಗಳು ಜಲಾವೃತವಾದವು. ಯಮಗರ್ಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯೇ ಮುಚ್ಚಿತು. ಜನರು ದನಕರುಗಳನ್ನು ಹೊಡೆದುಕೊಂಡು ಎತ್ತರದ ಊರುಗಳ ಶಾಲೆಗಳಿಗೂ ಬಂಧುಗಳ ಮನೆಗಳಿಗೂ ಬಂದರು. ಆ ವರ್ಷದ ಬಕ್ರೀದ್ ಬಂದದ್ದು ಆಗಸ್ಟ್ 12ರಂದು, ಈ ನೀರಿನ ನಡುವೆಯೇ.

ಇಂತಹ ವಿಪತ್ತಿನಲ್ಲಿ ಕೊಡುವ ಕೈಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಕೊಡುವ ರೀತಿಯನ್ನು ಕುರಿತು ಒಂದು ಮಾತು ಹೇಳಲೇಬೇಕು. ಒಂದು ಅಕ್ಕಿಚೀಲಕ್ಕೆ ಐದು ಜನ ಕೈಹಚ್ಚಿ ನಿಂತಿರುವ, ನಡುವೆ ಪಡೆಯುವವಳು ತಲೆ ತಗ್ಗಿಸಿರುವ ಭಾವಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಮೊನ್ನೆಯವರೆಗೆ ಅವಳೂ ಸ್ವಂತ ಮನೆಯ ಒಡತಿಯಾಗಿದ್ದವಳು. ಅಕ್ಕಿಯ ಬೆಲೆಯನ್ನು ಅವಳು ತನ್ನ ಮುಖದಿಂದ ತೆರಬೇಕಾಯಿತು.

ಬಹಿರಂಗ ದಾನವನ್ನು ಪವಿತ್ರ ಕುರ್‌ಆನ್ ನಿಷೇಧಿಸಿಲ್ಲ. ಅದು ಒಳ್ಳೆಯದೇ, ಬಡವರಿಗೆ ಗುಟ್ಟಾಗಿ ಕೊಡುವುದು ಇನ್ನೂ ಒಳ್ಳೆಯದು ಎಂಬುದು ಅಲ್ ಬಕರಃ ಅಧ್ಯಾಯದ ಬೋಧನೆ. ಜಮಾಅತಿನ ಕಮಿಟಿ ಜುಮಾ ನಮಾಝಿನ ನಂತರ ಸಂಗ್ರಹದ ಲೆಕ್ಕವನ್ನು ಓದಿ ಹೇಳಲಿ. ಪೈಸೆ ಪೈಸೆಯ ಲೆಕ್ಕ ಕೊಡಲಿ. ಅದಕ್ಕೆ ಪಡೆದವರ ಮುಖ ಬೇಕಾಗಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸ್ವರ್ಗದ ಆಸೆಯಿಂದ ಕೊಡುವುದೂ ಒಂದು ವ್ಯಾಪಾರವಲ್ಲವೇ, ಅದರಲ್ಲಿ ನಿಸ್ವಾರ್ಥ ಎಲ್ಲಿದೆ ಎಂದು ಓದಿದ ಯುವಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬಡವನಿಗೆ, ಅನಾಥನಿಗೆ, ಸೆರೆಯಾಳಿಗೆ ಉಣಿಸುವವರನ್ನು ಅದ್ದಹ್ರ್ ಅಧ್ಯಾಯ ವರ್ಣಿಸುತ್ತದೆ. ಉಂಡವರಿಂದ ಅವರು ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸುವುದಿಲ್ಲ. ಗಮನಿಸಿ, ಅವರಲ್ಲಿ ನಿರೀಕ್ಷೆಯೇ ಇಲ್ಲವೆಂದಲ್ಲ. ಅದು ಅಲ್ಲಾಹನ ಕಡೆಗೆ ತಿರುಗಿದೆ. ಆದ್ದರಿಂದಲೇ ಉಂಡವನು ಸ್ವತಂತ್ರ. ನಾಳೆ ಅವನು ನಮಗೆ ಸಲಾಮ್ ಹೇಳಲು ಮರೆಯಬಹುದು, ನಮ್ಮನ್ನು ವಿರೋಧಿಸಲೂಬಹುದು.

ಇದು ಎಷ್ಟು ಕಠಿಣವೆಂಬುದನ್ನು ಹಝ್ರತ್ ಅಬೂಬಕರ್‌(ರ)ರ ಜೀವನದಲ್ಲಿ ಕಾಣಬಹುದು. ಬಡ ಬಂಧು ಮಿಸ್ತಹ್‌(ರ)ರನ್ನು ಅವರು ಸಾಕುತ್ತಿದ್ದರು. ತಮ್ಮ ಮಗಳು ಆಯಿಶಾ(ರ)ರ ಮೇಲೆ ಅಪವಾದ ಹಬ್ಬಿದಾಗ ಅದನ್ನು ಆಡಿದವರಲ್ಲಿ ಮಿಸ್ತಹ್ ಕೂಡ ಸೇರಿದ್ದರು. ತಂದೆಯ ಮನಸ್ಸು ನೊಂದಿತು. ಇನ್ನು ಮುಂದೆ ಏನನ್ನೂ ಕೊಡಲಾರೆನೆಂದು ಅವರು ಆಣೆಯಿಟ್ಟರು. ಕ್ಷಮಿಸಿರಿ, ಕೊಡುವುದನ್ನು ನಿಲ್ಲಿಸಬೇಡಿರಿ ಎಂಬ ಆದೇಶ ಅನ್ನೂರ್ ಅಧ್ಯಾಯದಲ್ಲಿ ಅವತೀರ್ಣವಾಯಿತು. ಅಬೂಬಕರ್(ರ) ನೆರವನ್ನು ಮತ್ತೆ ಆರಂಭಿಸಿದರು. ಸುಳ್ಳು ಅಪವಾದಕ್ಕೆ ಶಿಕ್ಷೆ ಬೇರೆ, ಹೊಟ್ಟೆಯ ಅನ್ನ ಬೇರೆ.

ನಮ್ಮ ಊರುಗಳ ಮಾತಿಗೆ ಬನ್ನಿ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆಯಿತು. 2021ರ ಜುಲೈನಲ್ಲಿ, ಬಕ್ರೀದ್‌ನ ಬೆನ್ನಿಗೇ, ನದಿ ಮತ್ತೆ ಉಕ್ಕಿತು. ಹಿಂದಿನ ನೆರೆಯಲ್ಲಿ ನಮ್ಮ ಮನೆಯಲ್ಲಿ ಉಂಡವನು ಚುನಾವಣೆಯಲ್ಲಿ ಎದುರು ಪಕ್ಷದ ಪರ ಓಡಾಡಿ, ಈಗ ಒದ್ದೆ ಬಟ್ಟೆಯಲ್ಲಿ ಬಾಗಿಲಿಗೆ ಬಂದು ನಿಂತರೆ? ಅವನಿಗೆ ತಟ್ಟೆ ಇಡುವಾಗ ಹಳೆಯ ಉಪಕಾರದ ಒಂದು ಮಾತು ನಾಲಿಗೆಗೆ ಬಂದರೆ ಸಾಕು, ಹಿಂದಿನ ದಾನವೂ ಬಂಡೆಯ ಮೇಲಿನ ಮಣ್ಣಿನಂತೆ ಮಳೆಗೆ ತೊಳೆದು ಹೋಗುತ್ತದೆ. ಈ ಉಪಮೆಯೂ ಕುರ್‌ಆನಿನದೇ.

ಪ್ರತಿಯಾಗಿ ಏನನ್ನೂ ಕೊಡಲಾಗದವರು ನೆರೆಯ ಹೊತ್ತಿನಲ್ಲಿ ಮಾತ್ರ ಬರುವವರಲ್ಲ. ದೀಪಾವಳಿಯ ಆಸುಪಾಸಿನಲ್ಲಿ ನಮ್ಮ ಸಕ್ಕರೆ ಕಾರ್ಖಾನೆಗಳ ಸುತ್ತ ಕಬ್ಬು ಕಡಿಯುವವರ ಗುಡಿಸಲುಗಳು ಏಳುತ್ತವೆ. ಮುಂಗಡ ಪಡೆದ ಸಾಲವನ್ನು ಮೈಮುರಿದು ತೀರಿಸಲು ಬಂದವರು ಅವರು. ಚಳಿಯಲ್ಲಿ ನಡುಗುವ ಅವರ ಮಕ್ಕಳಿಗೆ ಒಂದು ಚರಿಗೆ ಬಿಸಿ ಹಾಲು ಕಳಿಸುವ ತಾಯಂದಿರು ಅವರ ಹೆಸರು ಕೇಳಿರುವುದಿಲ್ಲ, ಜಾತಿಯನ್ನೂ ಕೇಳಿರುವುದಿಲ್ಲ. ಆ ಹಾಲು ಮಾತ್ರ ಯಾವ ಲೆಕ್ಕದ ಪುಸ್ತಕಕ್ಕೂ ಸೇರುವುದಿಲ್ಲ. ಬೇಸಿಗೆ ಬಂದಾಗ ಅವರು ಗುಡಿಸಲು ಕಿತ್ತು ಹೊರಡುತ್ತಾರೆ. ಚರಿಗೆ ತೊಳೆದು ಹಿಂದೆ ಬಂದಿರುತ್ತದೆ.