ಕೋವಿಯ ಜಿಡ್ಡು

ಉಪಯೋಗಿಸದೆ ಇಟ್ಟ ಆಯುಧವು ನಿರಪರಾಧಿಯೇ? ಈ ಪ್ರಶ್ನೆ ತರ್ಕಶಾಸ್ತ್ರದವರಿಗೆ ಮೀಸಲಾದುದೆಂದು ತೋರಬಹುದು. ಆದರೆ ಕಬ್ಬಿಣಕ್ಕೆ ತರ್ಕ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತೇವವೊಂದೇ. ಬಳಸಿದರೂ ಬಳಸದಿದ್ದರೂ ಅದು ತುಕ್ಕು ಹಿಡಿಯುತ್ತದೆ. ಆದುದರಿಂದ ಆಯುಧವನ್ನು ಸುಮ್ಮನೆ ಇಟ್ಟುಕೊಳ್ಳುವುದು ಎಂಬುದೇ ಲೋಕದಲ್ಲಿಲ್ಲ. ಇಟ್ಟುಕೊಂಡವನು ಅದಕ್ಕೆ ಜಿಡ್ಡನ್ನಾದರೂ ಬಳಿಯಬೇಕು. ಬಳಿದದ್ದನ್ನು ಎಂದಾದರೊಂದು ದಿನ ತೆಗೆಯಲೂ ಬೇಕು.

ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿಯನ್ನು ಮೈಸೂರಿನವರು ಬಲ್ಲುದು ಕಬಿನಿ ಅಣೆಕಟ್ಟಿನಿಂದ. 1974ರಲ್ಲಿ ಕಟ್ಟೆ ಮುಗಿದ ಮೇಲೆ ಕಾಕನಕೋಟೆಯ ಹಳೆಯ ಕಾಡಿನ ದೊಡ್ಡದೊಂದು ಪಾಲು ನೀರಿನಡಿಗೆ ಹೋಯಿತು. ಖೆಡ್ಡಾ ನಡೆಯುತ್ತಿದ್ದ ಕಾಡು ಅದು; 1971ರದೇ ಕಡೆಯದು. ಈಗ ಬೇಸಗೆಯಲ್ಲಿ ನೀರಿಳಿದ ದಂಡೆಯ ಹಸುರಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಪ್ರವಾಸಿಗಳಿಗೆ ಅದೊಂದು ನೋಟ. ರಾಗಿ, ಬಾಳೆ ಇಟ್ಟವರಿಗೆ ಅದು ಬೇರೆಯೇ ಮಾತು. ಅಲ್ಲಿ ನನ್ನ ಸೋದರಮಾವನಿಗೆ ಕೊಂಚ ಹೊಲವಿದೆ, ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂಟಿನಳಿಗೆಯ ಕೋವಿಯೊಂದಿದೆ. ಮಾವ ಸೈನ್ಯದಲ್ಲಿದ್ದು ಬಂದವರು. ಆಯುಧದ ವಿಷಯದಲ್ಲಿ ಮಡಿವಂತರು.

ಚುನಾವಣೆ ಬಂತೆಂದರೆ ಇಂಥ ಕೋವಿಗಳು ಠಾಣೆಯ ವಶಕ್ಕೆ ಹೋಗುತ್ತವೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚಿಯಲ್ಲಿ ಹೋದದ್ದು, ಜೂನ್ 4ರ ಎಣಿಕೆ ಮುಗಿದ ಮೇಲೆ ಹಿಂದಕ್ಕೆ ಬಂತು. ಕೊಡುವಾಗಲೇ ಮಾವ ಅದಕ್ಕೆ ಧಾರಾಳವಾಗಿ ಗ್ರೀಸು ಬಳಿದಿದ್ದರು. ಅದನ್ನು ತೆಗೆಯುವ ಕೆಲಸಕ್ಕೆ ನಾನು ಸಿಕ್ಕಿದೆ.

“ಒರೆಸಿದ್ರೆ ಆಯ್ತು ಅನ್ಕೋಬೇಡಪ್ಪ. ಕಾಣೋ ಜಿಡ್ಡು ಜಿಡ್ಡೇ ಅಲ್ಲ” ಎಂದರು.

ಮೊದಲು ಗೋಣಿಯ ಚೂರಿನಿಂದ ದಪ್ಪನೆಯದನ್ನು ಬಳಿದು ತೆಗೆಯಬೇಕು. ಆಮೇಲೆ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ನಳಿಗೆಯೊಳಗೆ ಕಡ್ಡಿಗೆ ಸುತ್ತಿದ ಬಟ್ಟೆಯನ್ನು, ಅದು ಬಿಳಿಯದಾಗಿಯೇ ಹೊರಬರುವವರೆಗೆ, ಎಳೆಯುತ್ತಲೇ ಇರಬೇಕು. ಒಣಗಿದ ಮೇಲೆ ತೆಳ್ಳನೆಯ ಎಣ್ಣೆಯ ಒಂದು ಪೊರೆ. ಸೈನ್ಯದ ಮುನ್ನೂರಮೂರು ರೈಫಲ್ಲಿಗಾದರೆ ನಳಿಗೆಗೆ ಕುದಿಯುವ ನೀರನ್ನೂ ಹೊಯ್ಯುತ್ತಿದ್ದರಂತೆ. ಹಳೆಯ ತೋಟೆಯ ಕೇಪು ಉಪ್ಪನ್ನು ಬಿಡುತ್ತದೆ, ಉಪ್ಪು ಎಣ್ಣೆಗೆ ಕರಗದು. ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಇದ್ದ ರೈಫಲ್ಲುಗಳ ಮರವೂ ಜಿಡ್ಡು ಕುಡಿದಿರುತ್ತಿತ್ತು. ಬಿಸಿಲಿಗಿಟ್ಟರೆ ಮರ ಬೆವರುತ್ತಿತ್ತು, ಒರೆಸಿದಷ್ಟೂ ಬೆವರುತ್ತಿತ್ತು.

ಆ ಜಿಡ್ಡಿನ ವಂಶವನ್ನು ಕೇಳಿದರೆ ಓದುಗರಿಗೆ ನಗು ಬಂದೀತು. ಅಮೆರಿಕದವರು ಕಾಸ್ಮೋಲೀನ್ ಎನ್ನುವುದು ನಾವು ತುಟಿಗೆ ಹಚ್ಚಿಕೊಳ್ಳುವ ವ್ಯಾಸಲೀನಿನ ದಾಯಾದಿ. ಮೊದಮೊದಲು ಗಾಯಕ್ಕೆ ಮುಲಾಮಾಗಿಯೂ ಮಾರಾಟವಾಗಿತ್ತು. ಗಾಯಕ್ಕೆ ಹಚ್ಚುವುದನ್ನೇ ಗಾಯಮಾಡುವುದಕ್ಕೂ ಹಚ್ಚಿ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಾನಾ ದೇಶದ ಸೈನ್ಯಗಳು ಬೇಡವಾದ ರೈಫಲ್ಲುಗಳನ್ನು ಮಾರಿದವು. ಇಟಲಿಯ ಟರ್ನಿ ಎಂಬ ಊರಿನ ಕಾರ್ಖಾನೆಯಲ್ಲಿ 1940ರಲ್ಲಿ ಸಿದ್ಧವಾದ ಅಂಥದೊಂದನ್ನು 1963ರಲ್ಲಿ ಅಮೆರಿಕದಲ್ಲೊಬ್ಬನು ಅಂಚೆಯ ಮೂಲಕ ತರಿಸಿಕೊಂಡನು; ದುರ್ಬೀನು ಸಹಿತ 19.95 ಡಾಲರು, ಸಾಗಣೆಯ ವೆಚ್ಚ ಬೇರೆ. ಆ ವರ್ಷದ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನೆಡಿಯವರು ಸತ್ತದ್ದು ಅದರ ಗುಂಡಿನಿಂದ. ಟರ್ನಿಯ ಕೆಲಸಗಾರನನ್ನು ಯಾರೂ ಹೊಣೆ ಮಾಡುವುದಿಲ್ಲ, ಮಾಡಲೂ ಬಾರದು. ಆದರೆ ಜಿಡ್ಡು ಬಳಿದು ಪೆಟ್ಟಿಗೆಗಿಟ್ಟ ಕೈಯಿದೆಯಲ್ಲ, ಅದು ನನ್ನನ್ನು ಕಾಡುತ್ತದೆ. ಅದು ಆಯುಧವನ್ನು ಹಿಡಿಯಲೂ ಇಲ್ಲ, ಬಿಡಲೂ ಇಲ್ಲ. ಮುಂದೆ ಬರುವ, ಹೆಸರು ಗೊತ್ತಿಲ್ಲದ ಯಾರಿಗೋ ಕಾಪಾಡಿತು. ಆಯುಧಪೂಜೆಯಲ್ಲಿ ಕುಂಕುಮವಿಡುವ ನಾವು ಕೊನೆಯ ಪಕ್ಷ ಆಯುಧದ ಒಡೆಯ ಯಾರೆಂಬುದನ್ನು ಬಲ್ಲೆವು.

ಅತ್ತೆಯ ವಾದ ಬೇರೆ. “ಅಷ್ಟ್ಯಾಕೆ ಉಜ್ತೀರಿ? ಜಿಡ್ಡು ಹಂಗೇ ಇರ್ಲಿ ಬಿಡಿ. ಹಾರೋದೂ ಇಲ್ಲ, ಪಾಪವೂ ಇಲ್ಲ” ಎಂದರು. ನನಗೆ ಮೊದಲು ಇದೇ ಸರಿಯೆನಿಸಿತು. ನಗರದಲ್ಲಿರುವ ನಮ್ಮ ಅಹಿಂಸೆಯೂ ಬಹುಮಟ್ಟಿಗೆ ಈ ಜಾತಿಯದೇ. ಆದರೆ ಜಿಡ್ಡು ತುಂಬಿದ ಕೋವಿ ಹಾರುವುದಿಲ್ಲವೆಂಬ ಭರವಸೆಯೆಲ್ಲಿ? ಒಮ್ಮೆ ಹುಸಿಯಾದೀತು, ಇನ್ನೊಮ್ಮೆ ಅಡ್ಡ ಸಿಕ್ಕಿದ ಜಿಡ್ಡಿನಿಂದ ನಳಿಗೆಯೇ ಸೀಳಿ ಹಿಡಿದವನ ಮುಖಕ್ಕೆ ಬಂದೀತು. ಕತ್ತಲೆಯಲ್ಲಿ, ಆನೆಯ ಮುಂದೆ, ಅವಸರದಲ್ಲಿ ಅದನ್ನು ಎತ್ತುವವನು ಅತ್ತೆಯ ಮೊಮ್ಮಗನೇ. 1920ರಲ್ಲೇ ಗಾಂಧೀಜಿ ಹೇಡಿತನಕ್ಕಿಂತ ಹಿಂಸೆಯೇ ಲೇಸೆಂದು ಬರೆದು ಅನೇಕರನ್ನು ಗಾಬರಿಗೊಳಿಸಿದರು. ಶಕ್ತಿಯಿದ್ದೂ ಕೈತಡೆದವನದು ಅಹಿಂಸೆ ಎಂಬುದು ಅವರ ಎಣಿಕೆ. ತುಕ್ಕು ತಡೆದದ್ದನ್ನು ಆ ಲೆಕ್ಕಕ್ಕೆ ಜಮಾ ಮಾಡಲಾಗದು. ಆಯುಧ ಬೇಡವಾದರೆ ಒಪ್ಪಿಸಿಬಿಡಬೇಕು, ಇರಬೇಕಾದರೆ ಚೊಕ್ಕಟವಾಗಿರಬೇಕು.

ಇನ್ನೊಂದು ತೊಡಕಿದೆ. 1972ರ ವನ್ಯಜೀವಿ ಕಾಯಿದೆಯಿರುವಾಗ ರೈತನು ಬೆಳೆಗಾಗಿ ಆನೆಗೆ ಗುಂಡು ಹೊಡೆಯುವಂತಿಲ್ಲ. ಹೊಡೆಯಬೇಕೆಂದು ಮಾವನೂ ಹೇಳುವವರಲ್ಲ. ಕೋವಿಯಿರುವುದು ಸದ್ದಿಗೆ. ಆಕಾಶಕ್ಕೊಂದು ಈಡು, ಒಂದಿಷ್ಟು ತಮಟೆ, ಬೆಂಕಿ, ಕೂಗು. ಆನೆ ಹೋದರೂ ಹೋದೀತು. ಕೊಲ್ಲಬಲ್ಲ ಯಂತ್ರವನ್ನು ಕೊಲ್ಲದಿರಲೆಂದೇ ಇಷ್ಟು ಶ್ರದ್ಧೆಯಿಂದ ತಿಕ್ಕುವುದು ವಿಚಿತ್ರವೆನಿಸಿತು. ಆದರೂ ನೋಡಿ: ಆಕಾಶಕ್ಕೆ ಎತ್ತಿದ ನಳಿಗೆಯನ್ನು ಒಂದು ಮೊಳ ತಗ್ಗಿಸದೆ ಇರುವುದು ಕಾಯಿದೆಯ ಕೈಯಲ್ಲಿಲ್ಲ, ಆ ರಾತ್ರಿ ಅಟ್ಟಣೆಯ ಮೇಲಿರುವವನ ಕೈಯಲ್ಲಿದೆ. ವರ್ಷದ ಬೆಳೆ ಕಣ್ಣೆದುರಿಗೆ ಹೋಗುತ್ತಿರುವಾಗ ಅವನು ತಗ್ಗಿಸದಿರುವುದನ್ನು ನಾನು ದೊಡ್ಡ ಸಂಯಮವೆನ್ನುತ್ತೇನೆ. ಅದಕ್ಕೆ ಸಾಕ್ಷಿಗಳಿಲ್ಲ, ಸನ್ಮಾನವಂತೂ ಇಲ್ಲ.

ಮಾವನಿಗೆ ವಯಸ್ಸಾಯಿತು. ಪರವಾನಗಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳೆಂದು ಕೇಳಿದರು. ಓದಿದವನು, ಕಾಗದಪತ್ರ ಬಲ್ಲವನು ಎಂಬುದು ಅವರ ಕಾರಣ. ಅರ್ಜಿಯಲ್ಲಿ ಆಯುಧವೇಕೆ ಬೇಕೆಂದು ಬರೆಯಬೇಕು. ನಾನು ಮಲಗುವುದು ಮೈಸೂರಿನಲ್ಲಿ. ರಾಗಿ ಕಾಯುವುದು ಅವರ ಮೊಮ್ಮಗ. ನನ್ನ ಹೆಸರಿಗೆ ಬಂದರೆ ಕೋವಿ ಮತ್ತೆ ಜಿಡ್ಡಿನಲ್ಲೇ ಮಲಗೀತು. ಹುಡುಗನೇ ಅರ್ಜಿ ಹಾಕಲಿ, ಬರೆಯುವುದಕ್ಕೆ ನಾನು ನೆರವಾಗುತ್ತೇನೆ ಎಂದು ಹೇಳಿದ್ದೇನೆ. ಮಾವ ಒಪ್ಪಿದ ಹಾಗೆ ಕಾಣುತ್ತದೆ. ಅತ್ತೆ ಒಪ್ಪಿಲ್ಲ, ಕೋವಿ ಮನೆಯಿಂದಲೇ ಹೋಗಬೇಕೆಂದು ಅವರ ಹಟ, ಹುಡುಗನೊಡನೆ ಆ ಮಾತು ಇನ್ನೂ ನಡೆಯುತ್ತಿದೆ.