ಎರಡು ಕಾಲು, ಒಂದು ಹೆಗಲು
ಜರ್ಮನಿಯ ಫುಟ್‌ಬಾಲ್ ತಂಡದ ರಕ್ಷಣಾ ಆಟಗಾರ ಆಂಡ್ರಿಯಾಸ್ ಬ್ರೇಮೆಯವರ ಸಹಜವಾದ ಕಾಲು ಎಡವೋ ಬಲವೋ ಎಂಬುದು ಅಭಿಮಾನಿಗಳ ಮುಗಿಯದ ಚರ್ಚೆ. ಎರಡರಿಂದಲೂ ಅವರು ಸಮನಾಗಿ ಒದೆಯಬಲ್ಲವರಾಗಿದ್ದರು. 1990ರ ವಿಶ್ವಕಪ್ ಫೈನಲಿನ 85ನೆಯ ನಿಮಿಷದಲ್ಲಿ ಅರ್ಜೆಂಟೀನಾವನ್ನು ಸೋಲಿಸಿದ ಪೆನಾಲ್ಟಿ ಬಲಗಾಲಿನದು.

ಕೌಶಲವನ್ನು ತೂಗುವುದು ಸುಲಭ; ಕುಸಿದವನಿಗೆ ಸಲ್ಲಬೇಕಾದುದೇನು ಎಂಬುದೇ ಕಠಿನ ಪ್ರಶ್ನೆ. 1996ರ ಮೇ ತಿಂಗಳಲ್ಲಿ ಲೆವರ್‌ಕುಸೆನ್ ವಿರುದ್ಧದ ಪಂದ್ಯ 1-1 ಸಮವಾಗಿ, ಬ್ರೇಮೆಯವರ ಕೈಸರ್ಸ್‌ಲೌಟರ್ನ್ ತಂಡವು ಎರಡನೆಯ ದರ್ಜೆಗೆ ಜಾರಿತು, ಲೆವರ್‌ಕುಸೆನ್ ಉಳಿಯಿತು. ಬ್ರೇಮೆ ಅತ್ತದ್ದು ಎದುರಾಳಿ ರೂಡಿ ಫೋಲರ್ ಅವರ ಹೆಗಲ ಮೇಲೆ! ಹಿಗ್ಗುವ ಹಕ್ಕುಳ್ಳವರೇ ಹೆಗಲು ಕೊಟ್ಟರು. ಹಳೆಯ ಸಹಆಟಗಾರರ ಸ್ನೇಹವಷ್ಟೇ ಇದು ಎನ್ನಬಹುದು. ಆದರೆ ಗೆಲುವಿನ ಸಂತೋಷದಲ್ಲಿ ಪಾಲು ಪಡೆದ ಅಭಿಮಾನಿಗೂ ಸೋಲಿನ ದಿನ ಇದೇ ಋಣವಿಲ್ಲವೆ? ಬ್ರೇಮೆ ತಂಡವನ್ನು ತೊರೆಯಲಿಲ್ಲ. 1998ರಲ್ಲಿ ಅದೇ ತಂಡ ಜರ್ಮನಿಯ ಚಾಂಪಿಯನ್ ಆಯಿತು. ಆ ವರ್ಷವೇ ಅವರು ಆಟದಿಂದ ನಿವೃತ್ತರಾದರು.