ಹಾಲೂಡಿಸುವ ತಾಯಿ, ಚುಚ್ಚುಮದ್ದು ಮತ್ತು ಅಹಿಂಸಾಣುವ್ರತ

ವ್ರತವೆಂದರೆ ಬಿಡುವುದು ಎಂಬ ತಿಳಿವಳಿಕೆ ಶ್ರಾವಕರಲ್ಲಿ ಬಹುಕಾಲದಿಂದ ಬೇರೂರಿದೆ. ರಾತ್ರಿಭೋಜನವನ್ನು ಬಿಟ್ಟವರು, ಕಂದಮೂಲಗಳನ್ನು ಬಿಟ್ಟವರು, ಅಷ್ಟಮಿ ಚತುರ್ದಶಿಗಳಂದು ಅನ್ನವನ್ನೇ ಬಿಟ್ಟವರು ವ್ರತಿಗಳೆನಿಸುತ್ತಾರೆ. ಈ ಎಣಿಕೆಯಲ್ಲಿ ದೋಷವಿಲ್ಲ. ಆದರೆ ಬಿಟ್ಟುದರ ಕಷ್ಟವು ಬಿಟ್ಟವನ ಪಾಲಿಗೇ ಬರುವವರೆಗೆ ಮಾತ್ರ ಈ ಎಣಿಕೆ ಸರಳವಾಗಿರುತ್ತದೆ. ಬಿಡುವವರು ಒಬ್ಬರು, ಅದರ ಫಲವನ್ನು ಅನುಭವಿಸುವವರು ಮತ್ತೊಬ್ಬರು ಎಂದಾದಾಗ ಅದು ತ್ಯಾಗವೋ ಅಥವಾ ಹೊರೆಯನ್ನು ದಾಟಿಸುವ ಉಪಾಯವೋ ಎಂದು ಕೇಳಬೇಕಾಗುತ್ತದೆ. ಹಸುಗೂಸಿಗೆ ಹಾಲೂಡಿಸುತ್ತಿರುವ ತಾಯಿ ಚುಚ್ಚುಮದ್ದನ್ನು ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ಈ ಬಗೆಯ ಪ್ರಶ್ನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇದು ಬರಿಯ ತರ್ಕದ ಮಾತಾಗಿ ಉಳಿಯಲಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿ, ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಂದಿನಿಂದ ಮಂಗನ ಕಾಯಿಲೆಯು ಮಲೆನಾಡನ್ನು ಬಿಟ್ಟುಹೋಗಿಲ್ಲ. ಕಾಡಿನ ಉಣುಗು ಕಚ್ಚುವುದರಿಂದ ರೋಗಾಣು ಮೈಸೇರುತ್ತದೆ; ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಮಳೆ ನಿಂತು ಚಳಿ ಮೂಡಿದಾಗ ಆರಂಭವಾಗಿ ಮುಂಗಾರಿನವರೆಗೆ ಅದರ ಕಾಲ. ಹಠಾತ್ತನೆ ಏರುವ ಜ್ವರ, ತಲೆ ಸಿಡಿಯುವ ನೋವು, ಮೈಕೈ ಸೆಳೆತ, ಕೆಲವರಲ್ಲಿ ಒಸಡು ಮೂಗುಗಳಿಂದ ರಕ್ತಸ್ರಾವ; ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ರೋಗಾಣುವನ್ನೇ ಕೊಲ್ಲುವ ಔಷಧ ಇಂದಿಗೂ ಇಲ್ಲ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಕಾಣಿಸಿಕೊಂಡು 2019ರ ಬೇಸಗೆಯೊಳಗೆ ಹಲವರನ್ನು ಬಲಿ ತೆಗೆದುಕೊಂಡುದು ಆ ಸೀಮೆಯವರಿಗೆ ಮರೆಯುವ ಸಂಗತಿಯಲ್ಲ.

ಈ ಕಾಯಿಲೆಗೆ ಲಸಿಕೆ ಇತ್ತು. ಕೋಳಿಮೊಟ್ಟೆಯ ಭ್ರೂಣದಿಂದ ತೆಗೆದ ಜೀವಕೋಶಗಳಲ್ಲಿ ರೋಗಾಣುವನ್ನು ಬೆಳೆಸಿ, ಫಾರ್ಮಲಿನ್ ದ್ರವದಿಂದ ಅದನ್ನು ನಿರ್ಜೀವಗೊಳಿಸಿ ಸಿದ್ಧಪಡಿಸುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಚುಚ್ಚು, 6ರಿಂದ 9 ತಿಂಗಳೊಳಗೆ ಮತ್ತೊಂದು, ಬಳಿಕ ವರ್ಷಕ್ಕೊಮ್ಮೆ. 6 ವರ್ಷದಿಂದ 65 ವರ್ಷದವರೆಗಿನವರಿಗೆ ಮಾತ್ರ. ಎಳೆಯ ಮಕ್ಕಳಿಗೆ ಅದು ಇರಲೇ ಇಲ್ಲ. 1990ರಿಂದ 1992ರವರೆಗೆ ನಡೆದ ಪ್ರಯೋಗದಲ್ಲಿ ಎರಡು ಚುಚ್ಚು ಪಡೆದವರಿಗೆ ನೂರಕ್ಕೆ 90ನ್ನೂ ಮೀರಿದ ರಕ್ಷಣೆ ದೊರೆತಂತೆ ಕಂಡಿತು. ಆದರೆ 2005ರಿಂದ 2010ರವರೆಗಿನ ಅನುಭವವನ್ನು ಲೆಕ್ಕಹಾಕಿದಾಗ ಆ ರಕ್ಷಣೆ ನೂರಕ್ಕೆ ಸುಮಾರು 62ಕ್ಕೆ ಇಳಿದಿತ್ತು. ಮೂರನೆಯ ಚುಚ್ಚನ್ನೂ ಪಡೆದವರಲ್ಲಿ ಸುಮಾರು 83. ಚುಚ್ಚಿದ ಜಾಗದಲ್ಲಿ ತೀವ್ರ ನೋವು ಬೇರೆ; ಒಮ್ಮೆ ಪಡೆದವರು ಎರಡನೆಯ ಸಲ ಬರಲು ಹಿಂಜರಿಯುತ್ತಿದ್ದರು. ಕಡೆಗೆ 2022ರಲ್ಲಿ ಈ ಲಸಿಕೆಯ ಬಳಕೆಯೇ ನಿಂತಿತು. ಹೊಸದೊಂದನ್ನು ಸಿದ್ಧಪಡಿಸುವ ಕಾರ್ಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಕೈಗೊಂಡಿದೆ. ಅದು ಬರುವ ಮುನ್ನವೇ ಪ್ರಶ್ನೆಯನ್ನು ಶಾಂತಚಿತ್ತದಿಂದ ಆಲೋಚಿಸುವುದು ಲೇಸು; ಊರಿನಲ್ಲಿ ಮಂಗ ಸತ್ತ ಮೇಲೆ ಶಾಂತಚಿತ್ತ ಎಲ್ಲಿಯದು?

ಹೊಂಬುಜದ ಆಸುಪಾಸಿನ ಒಂದು ಶ್ರಾವಕರ ಮನೆಯನ್ನು ಭಾವಿಸಬಹುದು. ಅಡಕೆಯ ತೋಟ, ಹಿಂದೆ ಸೊಪ್ಪಿನಬೆಟ್ಟ, ಕೊಟ್ಟಿಗೆಯಲ್ಲಿ ನಾಲ್ಕು ಜಾನುವಾರು. ಸೊಸೆ ಹೆತ್ತು ಎರಡು ತಿಂಗಳಾಗಿದೆ. ಅವಳಿಗೆ ಲಸಿಕೆ ಬೇಡ ಎನ್ನಲು ಮನೆಯ ಹಿರಿಯರಿಗೆ ಎರಡು ಕಾರಣಗಳು ತೋರುತ್ತವೆ. ಮೊದಲನೆಯದು, ಮದ್ದು ಹಾಲಿನಲ್ಲಿ ಇಳಿದು ಮಗುವಿಗೆ ಕೇಡಾದೀತೆಂಬ ಅಂಜಿಕೆ. ಎರಡನೆಯದು, ಕೋಳಿಯ ಭ್ರೂಣದಿಂದ ಬಂದುದನ್ನು ಅಣುವ್ರತಿಯು ಮೈಗೆ ಸೇರಿಸಬಹುದೇ ಎಂಬ ಶಂಕೆ.

ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. 2009ರಲ್ಲಿ ಬ್ರೆಜಿಲ್ ದೇಶದಲ್ಲಿ ಹೆತ್ತು ಕೆಲವೇ ದಿನಗಳಾಗಿದ್ದ ತಾಯಿಯೊಬ್ಬಳಿಗೆ ಹಳದಿ ಜ್ವರದ ಲಸಿಕೆ ಹಾಕಲಾಯಿತು. ಮೊಲೆಯುಣ್ಣುತ್ತಿದ್ದ ಕೂಸಿಗೆ ಮಿದುಳಿನ ಉರಿಯೂತ ಬಂತು. ಪರೀಕ್ಷಿಸಿದಾಗ ಲಸಿಕೆಯ ರೋಗಾಣುವೇ ಕೂಸಿನಲ್ಲಿ ಕಂಡುಬಂತು. ಮಗು ಬದುಕಿತು. ಹಳದಿ ಜ್ವರದ ರೋಗಾಣುವೂ ಮಂಗನ ಕಾಯಿಲೆಯ ರೋಗಾಣುವೂ ಒಂದೇ ಕುಲದವು ಎಂದು ತಿಳಿದವರಿಗೆ ಈ ಸುದ್ದಿ ಇನ್ನಷ್ಟು ದಿಗಿಲು ಹುಟ್ಟಿಸಬಹುದು. ಆದರೆ ಇಲ್ಲಿ ಒಂದು ಭೇದವಿದೆ. ಹಳದಿ ಜ್ವರದ ಲಸಿಕೆಯಲ್ಲಿರುವುದು ಬಲಗುಂದಿಸಿದ, ಆದರೆ ಜೀವಂತವಾದ ರೋಗಾಣು; ಅದು ಮೈಯಲ್ಲಿ ಬೆಳೆಯಬಲ್ಲುದು. ಮಂಗನ ಕಾಯಿಲೆಯ ಲಸಿಕೆಯಲ್ಲಿದ್ದುದು ನಿರ್ಜೀವವಾದುದು. ಬೆಳೆಯಲಾರದ್ದು ಹಾಲಿನಲ್ಲಿ ಹರಿದು ಕೂಸಿಗೆ ರೋಗ ಹತ್ತಿಸಲಾರದು. ಜೀವಂತ ಲಸಿಕೆಗಳಲ್ಲಿಯೂ ಹಾಲೂಡಿಸುವವರಿಗೆ ವೈದ್ಯರು ಬೇಡವೆನ್ನುವುದು ಬೆರಳೆಣಿಕೆಯಷ್ಟನ್ನು ಮಾತ್ರ. ಆದುದರಿಂದ ‘ಲಸಿಕೆ’ ಎಂಬ ಒಂದೇ ಹೆಸರಿನ ಕೆಳಗೆ ಎಲ್ಲವನ್ನೂ ಕೂಡಿಸಿ ಅಂಜುವುದೂ ಸರಿಯಲ್ಲ, ಎಲ್ಲವನ್ನೂ ಕೂಡಿಸಿ ಧೈರ್ಯ ಹೇಳುವುದೂ ಸರಿಯಲ್ಲ.

ಅಂಜಿಕೆಗೆ ಸರ್ಕಾರದ ಮುದ್ರೆಯೂ ಒಮ್ಮೊಮ್ಮೆ ಬೀಳುತ್ತದೆ. 2021ರ ಜನವರಿ 16ರಂದು ದೇಶದಲ್ಲಿ ಕೊರೋನಾ ಲಸಿಕೆ ಆರಂಭವಾದಾಗ ಗರ್ಭಿಣಿಯರನ್ನೂ ಹಾಲೂಡಿಸುವ ತಾಯಂದಿರನ್ನೂ ಹೊರಗಿಡಲಾಗಿತ್ತು. ಪ್ರಯೋಗದಲ್ಲಿ ಅವರನ್ನು ಸೇರಿಸಿರಲಿಲ್ಲ, ಸೇರಿಸದಿದ್ದುದರಿಂದ ಅವರ ವಿಷಯದಲ್ಲಿ ಆಧಾರವಿರಲಿಲ್ಲ, ಆಧಾರವಿಲ್ಲದ್ದರಿಂದ ಕೊಡುವಂತಿರಲಿಲ್ಲ. ಎರಡನೆಯ ಅಲೆ ಊರೂರುಗಳನ್ನು ಹೊಕ್ಕ ಬಳಿಕ, ಮೇ 19ರಂದು, ಹಾಲೂಡಿಸುವವರು ಪಡೆಯಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಜುಲೈ 2ರಂದು ಗರ್ಭಿಣಿಯರಿಗೂ ಅನುಮತಿ ದೊರೆಯಿತು. ಜನವರಿಯಿಂದ ಮೇ ತಿಂಗಳಿಗೆ ತಾಯಂದಿರ ಹಾಲಿನಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದುದು, ಕೊಡದಿರುವುದಕ್ಕೂ ಒಂದು ಬೆಲೆಯಿದೆಯೆಂಬ ಅರಿವು. ಆ ನಾಲ್ಕು ತಿಂಗಳು ‘ಕಾಪಾಡುತ್ತೇವೆ’ ಎಂದು ಹೊರಗೆ ನಿಲ್ಲಿಸಲ್ಪಟ್ಟವರನ್ನು ಯಾವುದು ಕಾಪಾಡಿತೆಂಬುದನ್ನು ವಿಚಾರಿಸತಕ್ಕದ್ದು.

ಇನ್ನು ಎರಡನೆಯ ಶಂಕೆ. ಜನ್ನನ ಯಶೋಧರ ಚರಿತೆಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿಯ ಕಥೆ ಗೊತ್ತು. ದುಃಸ್ವಪ್ನದ ಶಾಂತಿಗೆಂದು ತಾಯಿ ಚಂದ್ರಮತಿ ಬಲಿಯನ್ನು ಒತ್ತಾಯಿಸಿದಳು. ಮಗ ಒಪ್ಪದಿರಲು ಹಿಟ್ಟಿನ ಕೋಳಿಯಾದರೂ ಆಗಲೆಂದಳು. ಅದನ್ನು ಕಡಿದ ಪಾಪಕ್ಕೆ ತಾಯಿಮಗನಿಬ್ಬರೂ ಜನ್ಮಜನ್ಮಾಂತರ ತೊಳಲಿದರು. ಹಿಟ್ಟಿನ ಕೋಳಿಗೇ ಅಷ್ಟು ಫಲವಾದರೆ ನಿಜವಾದ ಭ್ರೂಣಕ್ಕೆ ಎಷ್ಟಾಗಬೇಡ ಎಂದು ಕೇಳುವುದು ಸಹಜ. ಆದರೆ ಆ ಕಥೆ ತೂಗುವುದು ಕೋಳಿಯನ್ನಲ್ಲ, ಸಂಕಲ್ಪವನ್ನು. ಅಲ್ಲಿ ಕೊಲ್ಲುವ ಭಾವವೇ ಕ್ರಿಯೆಯ ತಿರುಳಾಗಿತ್ತು. ಪ್ರಮಾದದಿಂದ ಕೂಡಿದ ಯೋಗದಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳುವುದರ ಒತ್ತು ಇಲ್ಲಿಯೇ ಇದೆ. ಗೃಹಸ್ಥನು ಸಂಪೂರ್ಣವಾಗಿ ಬಿಡತಕ್ಕದ್ದು ಸಂಕಲ್ಪೀ ಹಿಂಸೆಯನ್ನು; ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನು ಕುಗ್ಗಿಸುತ್ತ ಹೋಗಬೇಕು.

ಹೀಗೆಂದ ಮಾತ್ರಕ್ಕೆ ಲಸಿಕೆಯು ನಿರ್ದೋಷವಾಯಿತೆಂದಲ್ಲ. ಭ್ರೂಣವೊಂದು ಅಲ್ಲಿ ಇಲ್ಲವಾಗಿರುವುದು ನಿಜ. ಚುಚ್ಚಿಸಿಕೊಂಡವರು ಅದರ ಫಲಾನುಭವಿಗಳಾಗುವುದೂ ನಿಜ. ‘ಅದು ಔಷಧ, ಆದ್ದರಿಂದ ಪಾಪವಿಲ್ಲ’ ಎಂಬ ಸುಲಭದ ಉತ್ತರವು ವಿವೇಕಕ್ಕೆ ಒಗ್ಗುವುದಿಲ್ಲ. ಆದರೆ ಅದೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂದು ನೋಡಬೇಡವೇ? ಮಂಗ ಸತ್ತ ಜಾಗದ ಸುತ್ತ ಉಣುಗುಗಳನ್ನು ಕೊಲ್ಲಲು ಮೆಲಾಥಿಯನ್ ಪುಡಿ ಎರಚುತ್ತಾರೆ. ಆ ಪುಡಿಗೆ ಬಲಿಯಾಗುವ ತ್ರಸಜೀವಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಲಸಿಕೆಯನ್ನು ಹಿಂಸೆಯೆಂದು ಬಿಟ್ಟ ಮನೆಯವರು ತಮ್ಮ ಬೇಲಿಯ ಬದಿಗೆ ಪುಡಿ ಎರಚಿರೆಂದು ಕೇಳಿಕೊಂಡರೆ ಬಿಟ್ಟುದೇನು, ಹಿಡಿದುದೇನು?

ಶಿಶುವಿನ ಹಕ್ಕನ್ನು ಕುರಿತು ಶಾಸ್ತ್ರ ಮೌನವಾಗಿಲ್ಲ. ಮುನಿಗಳ ಆಹಾರಶುದ್ಧಿಯನ್ನು ವಿವರಿಸುವಾಗ ಮೂಲಾಚಾರವು ದಾಯಕದೋಷಗಳನ್ನು ಎಣಿಸುತ್ತದೆ. ಮೊಲೆಯುಣ್ಣುತ್ತಿರುವ ಮಗುವನ್ನು ಬಿಡಿಸಿಟ್ಟು ಬಂದು ನೀಡುವವಳಿಂದ ಆಹಾರ ಸ್ವೀಕರಿಸುವುದು ಅವುಗಳಲ್ಲೊಂದು. ಆಹಾರದಾನ ಶ್ರಾವಕಿಗೆ ಮಹಾಪುಣ್ಯ. ಎದುರಿಗೆ ನಿಂತವರು ಮಹಾವ್ರತಿಗಳು. ಆದರೂ ಕೂಸಿನ ಬಾಯಿಂದ ಬಿಡಿಸಿ ಆ ಪುಣ್ಯವನ್ನು ಪಡೆಯುವಂತಿಲ್ಲ. ಬಾಣಂತಿಗೆ ನಿರಾಹಾರ ಉಪವಾಸವನ್ನು ಮನೆಯ ಹಿರಿಯರು ಬಲವಂತ ಮಾಡದಿರುವುದೂ ಇದೇ ತಿಳಿವಿನಿಂದ: ಅವಳು ಹಸಿದರೆ ಹಸಿಯುವವರು ಇಬ್ಬರು. ಲಸಿಕೆಯ ಮಾತು ಬಂದಾಗ ಮಾತ್ರ ಅದೇ ಹಿರಿಯರು ಅವಳ ಮೈಯನ್ನು ಅವಳೊಬ್ಬಳದೆಂಬಂತೆ ಲೆಕ್ಕಿಸುವುದು ವಿಚಿತ್ರ. ತಾಯಿ ಮಂಗನ ಕಾಯಿಲೆಯಿಂದ ಎರಡು ವಾರ ಮಲಗಿದರೆ ಹಾಲಿಗೆ ಏನಾಗುತ್ತದೆ, ಅವಳೇ ಇಲ್ಲವಾದರೆ ಕೂಸಿಗೆ ಏನಾಗುತ್ತದೆ ಎಂಬುದೂ ‘ಹಾಲಿನ ಮೂಲಕ ಮಗುವಿಗೆ ಆಗುವ ಕೇಡಿ’ನ ಪಟ್ಟಿಯಲ್ಲಿ ಸೇರಬೇಕು.

ಇಷ್ಟಾದರೂ ಲಸಿಕೆ ಒಲ್ಲದ ತಾಯಿಯನ್ನು ನಿಂದಿಸಲಾಗದು. ನೂರಕ್ಕೆ 62ರ ರಕ್ಷಣೆ ಪೂರ್ಣ ರಕ್ಷಣೆಯಲ್ಲ. ಅದನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತೇನೆಂದರೆ ಅದೂ ಒಂದು ವಿಚಾರವೇ. ಆ ದಾರಿಗೆ ಶ್ರಾವಕಾಚಾರದಲ್ಲಿ ಹೆಸರೂ ಇದೆ. ಇಷ್ಟು ಕಾಲ ಇಂಥ ಎಲ್ಲೆಯನ್ನು ದಾಟೆನೆಂದು ಗೊತ್ತುಮಾಡಿಕೊಳ್ಳುವುದು ದೇಶವ್ರತ. ಕಾರ್ತಿಕದಿಂದ ಮುಂಗಾರಿನವರೆಗೆ ಬೇಲಿಯಾಚೆಯ ಬೆಟ್ಟಕ್ಕೆ ಹೋಗೆನು, ತರಗೆಲೆ ಮುಟ್ಟೆನು, ಕೊಟ್ಟಿಗೆಯ ಸೊಪ್ಪಿಗೆ ಕೈಯಿಡೆನು ಎಂದು ಹಾಲೂಡಿಸುವವಳು ನಿಯಮ ಹಿಡಿದರೆ ಉಣುಗಿನ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಮನೆಯ ಗಂಡಸರು ಬೆಟ್ಟದಿಂದ ಬಂದವರೇ ಬಟ್ಟೆ ಕಳಚಿ, ಬಿಸಿನೀರು ಸೋಪಿನಿಂದ ಮೈ ತೊಳೆದ ಮೇಲೆಯೇ ಕೂಸನ್ನು ಎತ್ತಿಕೊಳ್ಳುವುದೂ ಆ ನಿಯಮದ ಭಾಗವಾಗಬೇಕು. ಇದರಲ್ಲಿ ಭ್ರೂಣವಧೆಯಿಲ್ಲ, ಹಾಲಿನ ಅಂಜಿಕೆಯಿಲ್ಲ. ಮೇಲ್ನೋಟಕ್ಕೆ ಇದಕ್ಕಿಂತ ಶುದ್ಧವಾದ ದಾರಿ ಕಾಣದು.

ತೊಡಕಿರುವುದು ಇಲ್ಲಿಯೇ. ಸೊಸೆ ಬೆಟ್ಟಕ್ಕೆ ಹೋಗದಿದ್ದರೂ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ತರಗೆಲೆ ಬೇಕು. ಅದನ್ನು ತರಲು ಕೂಲಿಯ ಹೆಂಗಸು ಬರುತ್ತಾಳೆ. ಅವಳಿಗೂ ಎಳೆಯ ಕೂಸಿರಬಹುದು. ದೇಶವ್ರತ ಹಿಡಿಯಲು ಅವಳಿಗೆ ಅನುಕೂಲವಿಲ್ಲ. ಒಂದು ದಿನ ಬೆಟ್ಟ ಹತ್ತದಿದ್ದರೆ ಆ ದಿನದ ಕೂಲಿಯಿಲ್ಲ. ಸೊಸೆಯ ಪಾಲಿನ ಉಣುಗು ಅವಳನ್ನು ಕಚ್ಚುತ್ತದೆ. ಅಹಿಂಸಾಣುವ್ರತದ ಲಕ್ಷಣದಲ್ಲಿ ಕೃತವೊಂದೇ ಇಲ್ಲ, ಕಾರಿತವೂ ಅನುಮತವೂ ಇವೆ. ತಾನು ಮಾಡದುದನ್ನು ಮಾಡಿಸಿದರೂ, ಮಾಡಿದುದನ್ನು ಒಪ್ಪಿದರೂ ಹೊಣೆ ತಪ್ಪುವುದಿಲ್ಲ. ಸಾಮಾನ್ಯವಾಗಿ ಇದನ್ನು ಕಸಾಯಿಖಾನೆಯ ಉದಾಹರಣೆಯಿಂದ ವಿವರಿಸುವ ರೂಢಿ. ಆ ಉದಾಹರಣೆಯಿಂದ ಯಾವ ಶ್ರಾವಕನ ನಿದ್ದೆಯೂ ಕೆಡುವುದಿಲ್ಲ. ತನ್ನದೇ ಸೊಪ್ಪಿನಬೆಟ್ಟದ ಉದಾಹರಣೆ ಅಷ್ಟು ಸುಖಕರವಲ್ಲ.

ಲಸಿಕೆಯನ್ನು ಬಿಟ್ಟ ಮನೆಯ ಮೇಲೆ ಹೀಗೆ ಇನ್ನೊಂದು ಹೊಣೆ ಬೀಳುತ್ತದೆ. ಕೂಲಿಯವಳಿಗೆ ಕೈಕಾಲಿಗೆ ಹಚ್ಚುವ ಎಣ್ಣೆ ದೊರೆಯಿತೇ, ಕೆಲಸ ಮುಗಿದ ಮೇಲೆ ಅವಳು ಮೈ ತೊಳೆದು ಕೂಸಿಗೆ ಹಾಲೂಡಿಸಲು ಅದೇ ಮನೆಯ ಬಚ್ಚಲಿನಲ್ಲಿ ಬಿಸಿನೀರು ಸಿಕ್ಕಿತೇ, ಜ್ವರ ಬಂದ ದಿನ ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವವರು ಯಾರು, ಹಾಲೂಡಿಸುವ ತಿಂಗಳುಗಳಲ್ಲಿ ಅದೇ ಕೂಲಿಗೆ ಅಂಗಳದ ಅಡಕೆ ಸುಲಿಯುವ ಕೆಲಸವನ್ನು ಕೊಡಲಾದೀತೇ ಎಂದು ಆ ಮನೆ ಕೇಳಿಕೊಳ್ಳಬೇಕು. ಲಸಿಕೆಯನ್ನು ಪಡೆದ ಮನೆಗೂ ಇವು ತಪ್ಪಿದ್ದಲ್ಲ. ಆದರೆ ವ್ರತದ ಹೆಸರಿನಲ್ಲಿ ಬಿಟ್ಟವರಿಗೆ ಇವು ವ್ರತದ ಒಳಗಿನ ಪ್ರಶ್ನೆಗಳಾಗುತ್ತವೆ.

ಹೊಸ ಲಸಿಕೆ ಬಂದ ದಿನ ಆರೋಗ್ಯ ಕೇಂದ್ರದ ಮುಂದೆ ಕೇಳಬೇಕಾದ ಮಾತುಗಳು ಹೆಚ್ಚಿಲ್ಲ. ಅದರಲ್ಲಿರುವುದು ಜೀವಂತ ರೋಗಾಣುವೋ ನಿರ್ಜೀವವೋ. ಹಾಲೂಡಿಸುವವರನ್ನು ಪ್ರಯೋಗದಲ್ಲಿ ಸೇರಿಸಿಕೊಂಡಿದ್ದರೋ, ಇಲ್ಲವಾದರೆ ಹೊರಗಿಡಲು ಕಾರಣವೇನು. ಎಷ್ಟು ಚುಚ್ಚು, ಎಷ್ಟು ದಿನದಲ್ಲಿ ರಕ್ಷಣೆ ಮೂಡುತ್ತದೆ. ಇವನ್ನು ಕೇಳುವವಳು ತಾಯಿಯೇ ಆಗಿರಬೇಕು. ಅತ್ತೆಯೂ ಗಂಡನೂ ಜೊತೆಗೆ ನಿಂತು ಕೇಳಿಸಿಕೊಳ್ಳಬಹುದು. ಸೊಪ್ಪಿನ ಹೊರೆ ಇಳಿಸಿ ಕೂಸನ್ನು ಎತ್ತಿಕೊಂಡು ಬಂದವಳಿಗೂ ಅದೇ ಸಾಲಿನಲ್ಲಿ ನಿಲ್ಲಲು ಅರ್ಧ ದಿನದ ಕೂಲಿಸಹಿತ ಬಿಡುವನ್ನು ತೋಟದ ಯಜಮಾನರು ಮೊದಲೇ ಹೇಳಿ ಕಳುಹಿಸಿರಬೇಕು.